ಸಹಿ ಹಾಕಲು ಅಂಜುತ್ತಿದ್ದವರು

ಅವರು ತೀರಿಕೊಂಡರೆಂದು ಅವರ ಮಗಳು ಬರೆದ ಕಾರ್ಡು ನನ್ನ ಕೈಗೆ ಬಂದಾಗ ಹನ್ನೆರಡು ದಿನ ಕಳೆದಿತ್ತು. ನಾಲ್ಕೇ ಸಾಲು. ಕುರುಗೋಡಿನ ಮನೆಯಲ್ಲೇ ಹೋದರು, ಹೆಚ್ಚು ನರಳಲಿಲ್ಲ, ನಿಮಗೆ ತಿಳಿಸಬೇಕೆಂದು ಹೇಳಿದ್ದರು ಎಂದಷ್ಟೇ ಇತ್ತು. ಕಾರ್ಡನ್ನು ಮೇಜಿನ ಮೇಲಿಟ್ಟು ಪಾಠಕ್ಕೆ ಹೋದೆ. ಹಲಗೆಯ ಮೇಲೆ ಬರೆದ ಸಮೀಕರಣವನ್ನು ಎರಡು ಸಲ ಅಳಿಸಿ ಬರೆಯಬೇಕಾಯಿತು. ದುಃಖಕ್ಕೆ ಅಂತ ಹೇಳಲಾರೆ. ಅವರು ನೆನಪಾದಾಗಲೆಲ್ಲ ನನ್ನೊಳಗೆ ಮೊದಲು ಏಳುವುದು ಆ ಕಾಲದ ಅಂಜಿಕೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಸಿರುಗುಪ್ಪದ ಶಾಲಾ ಮಾಸ್ತರರೊಬ್ಬರ ಮಗಳು. ಬಳ್ಳಾರಿಯ ಕಾಲೇಜೊಂದರ ರಸಾಯನಶಾಸ್ತ್ರ ವಿಭಾಗದಲ್ಲಿ, ದೂರದ ವಿಶ್ವವಿದ್ಯಾಲಯಕ್ಕೆ ಹೆಸರು ನೋಂದಾಯಿಸಿ, ಪಿಎಚ್.ಡಿ.ಗೆ ಕೆಲಸ ಮಾಡುತ್ತಿದ್ದೆ. ಕಾಲುವೆ ನೀರು ಬಂದ ಮೇಲೆ ಸಿರುಗುಪ್ಪದ ಕಡೆ ಕೆಲವು ಗದ್ದೆಗಳು ಸವುಳಾಗಿ ಬೆಳ್ಳಗಾಗುತ್ತಿದ್ದವು. ಅಲ್ಲಿನ ಮಣ್ಣು, ನೀರಿನಲ್ಲಿ ಉಪ್ಪೆಷ್ಟಿದೆ ಎಂದು ಅಳೆಯುವುದು ನನ್ನ ವಿಷಯ. ವಿಭಾಗದ ಮುಖ್ಯಸ್ಥರೇ ನನ್ನ ಮಾರ್ಗದರ್ಶಕರು. ಅವರ ಬೂಟಿನ ಸದ್ದು ಮೊಗಸಾಲೆಯಲ್ಲಿ ಕೇಳಿದರೆ ನಾವೆಲ್ಲ ಮಾತು ನಿಲ್ಲಿಸುತ್ತಿದ್ದೆವು.

ನಾನು ಹೇಳಹೊರಟಿರುವವರು ಅದೇ ವಿಭಾಗದ ಪ್ರಯೋಗಶಾಲೆಯಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದರು. ನಲವತ್ತೇಳೋ ನಲವತ್ತೆಂಟೋ ವಯಸ್ಸು, ಹಣೆಯ ಮೇಲೆ ತೆಳ್ಳಗೆ ವಿಭೂತಿ, ತೋಳು ಮಡಿಸದ ಬಿಳಿ ಅಂಗಿ. ಬಿ.ಎಸ್ಸಿ. ಮುಗಿಸಿ ಕೆಲಸಕ್ಕೆ ಸೇರಿದವರು ಅಲ್ಲೇ ಉಳಿದುಬಿಟ್ಟಿದ್ದರು. ನಾವು ಅವರನ್ನು ಸರ್ ಎನ್ನುತ್ತಿದ್ದೆವು. ಹೆಸರು ಬರೆಯುವುದಿಲ್ಲ. ಅವರ ಮನೆಯವರು ಊರಲ್ಲಿದ್ದಾರೆ.

ಅವರಷ್ಟು ಅಂಜುವ ಮನುಷ್ಯನನ್ನು ನಾನು ನೋಡಿಲ್ಲ. ಸಂಜೆ ಗ್ಯಾಸಿನ ನಲ್ಲಿ ತಿರುಗಿಸಿ, ಬೀಗ ಹಾಕಿ, ಗೇಟಿನವರೆಗೂ ಹೋಗಿ ಮತ್ತೆ ಬಂದು ಬೀಗ ಜಗ್ಗಿ ನೋಡುತ್ತಿದ್ದರು. ಕಂದು ಬಣ್ಣದ ಸರಕಾರಿ ಲಕೋಟೆ ಬಂದರೆ ಮೊದಲು ಕೈ ತೊಳೆದುಕೊಂಡು ಬಂದು, ಆಮೇಲೆ ಒಡೆಯುತ್ತಿದ್ದರು. ಒಮ್ಮೆ ವಿದ್ಯಾರ್ಥಿಗಳ ಜೊತೆ ಸಂಗನಕಲ್ಲಿನ ಗುಡ್ಡಕ್ಕೆ ಹೋಗಿದ್ದೆವು. ಅಲ್ಲಿ ಕುಟ್ಟಿದರೆ ಗಂಟೆಯ ಹಾಗೆ ನಾದ ಬರುವ ಬಂಡೆಗಳಿವೆ. ಹುಡುಗರು ಕುಟ್ಟತೊಡಗಿದ್ದೇ ಇವರು ಸುತ್ತ ನೋಡಿ, "ಸಾಕ್ರಪ್ಪ, ಯಾರರ ಬಂದು ಯಾಕ ಬಾರಸಾಕತ್ತೀರಿ ಅಂತ ಕೇಳಿದ್ರ ಏನ್ ಹೇಳಾದು" ಎಂದು ನಿಲ್ಲಿಸಿದ್ದರು.

ಎಲ್ಲಕ್ಕಿಂತ ಹೆಚ್ಚಾಗಿ ಅವರು ಅಂಜುತ್ತಿದ್ದುದು ಸಹಿಗೆ. ಹಾಜರಿ ಪುಸ್ತಕದಲ್ಲಿ ಅವರ ಸಹಿ ಇರುವೆಯಷ್ಟೇ ಇರುತ್ತಿತ್ತು. ಗುಮಾಸ್ತರು, "ಏನ್ರಿ ಸರ್, ಇದು ಸಹಿನೋ ಮಸಿ ಬಿದ್ದದ್ದೋ" ಎಂದು ಕೇಳುತ್ತಿದ್ದರು. ಇವರು ನಗುತ್ತಿರಲಿಲ್ಲ. ಮಳೆಯಳತೆಯ ಕಾಗದ ಇರಲಿ, ಒಡೆದ ಗಾಜಿನ ಪಟ್ಟಿ ಇರಲಿ, ಪೂರ್ತಿ ಓದಿ, ಮತ್ತೆ ಓದಿ, ಹಿಂದಿನ ಪುಟ ತಿರುವಿ ನೋಡದೆ ಪೆನ್ನು ಮುಟ್ಟುತ್ತಿರಲಿಲ್ಲ.

ನನಗೆ ಸಂಶೋಧನೆಯ ಬರವಣಿಗೆ ಕಲಿಸಿದವರು ಇವರೇ. ಮುಖ್ಯಸ್ಥರಿಗೆ ಅದಕ್ಕೆ ಪುರುಸೊತ್ತಿರಲಿಲ್ಲ. ಮೊದಲ ವಾರವೇ ಉದ್ದನೆಯ ನೋಟುಬುಕ್ಕಿನಲ್ಲಿ ಪ್ರತಿ ಪುಟದ ಎಡಕ್ಕೊಂದು ಗೆರೆ ಎಳೆಸಿದರು.

"ಇಲ್ಲಿ ಯಾರು ಏನ್ ಮಾಡಿದ್ರು ಅಂತ ಬರೀಬೇಕು ತಂಗಿ. ನೀರು ತಂದಾವ ಯಾರು, ಅಳದಾವ ಯಾರು, ಲೆಕ್ಕ ಹಾಕಿದಾವ ಯಾರು. ದಿನಾ ಬರೀಬೇಕು. ನಾಳೆ ಬರದ್ರ ನೆನಪು ಸುಳ್ಳು ಹೇಳತೈತಿ."

"ಅಷ್ಟು ಮಂದಿ ಹೆಸರೂ ಲೇಖನದಾಗ ಹಾಕ್ತಾರೇನ್ರಿ ಸರ್?"

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಬಾಟ್ಲಿ ತೊಳದಾವ ಲೇಖಕ ಅಲ್ಲ. ಕುರ್ಚಿ ಮ್ಯಾಲ ಕುಂತಾವನೂ ಲೇಖಕ ಅಲ್ಲ. ಇದು ಹೆಂಗ ಬಂತು, ಖರೆ ಹೌದೋ ಅಲ್ಲೋ ಅಂತ ನಾಕು ಮಂದಿ ಮುಂದ ಕೇಳಿದ್ರ ಎದ್ದು ನಿಂತು ಹೇಳಾಕ ಬರಬೇಕು. ಅಂಥಾವ ಹೆಸರು ಹಾಕ್ಬೇಕು. ಹೇಳಾಕ ಬರಲಾರದಾವ ಹಾಕಬಾರದು. ಅದಕ್ಕ ನನಗ ಹೆಸರು ಅಂದ್ರ ಅಂಜಿಕಿ."

ಅಳೆಯುವ ಕೆಲಸದಲ್ಲಿ ಅರ್ಧಕ್ಕೂ ಹೆಚ್ಚನ್ನು ಅವರೇ ಮಾಡಿದ್ದರು. ಬಿಸಿಲಲ್ಲಿ ನನ್ನ ಜೊತೆ ಸಿರುಗುಪ್ಪದ ಬಸ್ಸಿಗೆ ಬಂದು, ಗದ್ದೆಯ ಬದುವಿನ ಮೇಲೆ ಕೂತು, ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದರು. ಒಂದು ಊರಲ್ಲಿ ರೈತನೊಬ್ಬ ನಮ್ಮನ್ನು ತಡೆದು ಕೇಳಿದ. "ಹೋದ ವರ್ಷನೂ ಹಿಂಗ ನೀರು ತುಂಬಿಕೊಂಡು ಹೋದ್ರಿ. ಏನ್ ಬಂತು ಅಂತ ಒಬ್ಬರೂ ಹೇಳಲಿಲ್ಲ." ಸರ್ ಬಾಟಲಿಯ ಮುಚ್ಚಳ ಬಿಗಿ ಮಾಡಿ ಚೀಲಕ್ಕಿಟ್ಟರು. ವಾಪಸ್ ಬರುವಾಗ ಬಸ್ಸಿನಲ್ಲಿ, "ಅವ ಕೇಳಿದ್ದು ಬರೋಬ್ಬರಿ ಐತಿ. ನಾವು ಇಂಗ್ಲಿಷಿನಾಗ ಬರದು, ಯಾವುದೋ ಊರಿನ ಪತ್ರಿಕಿಗೆ ಕಳಸ್ತೀವಿ. ಅಚ್ಚಾದ ಪ್ರತಿ ಬಂದ್ರ ಮುಖ್ಯಸ್ಥರ ಕಪಾಟಿನಾಗ ಬೀಗ. ಓದಬೇಕಾದಾವ ಬದುವಿನ ಮ್ಯಾಲ ನಿಂತಾನ" ಎಂದರು. ಹೇಳಿ, ಮುಂದಿನ ಸೀಟಿನಲ್ಲಿ ಯಾರು ಕೂತಿದ್ದಾರೆಂದು ಎದ್ದು ನೋಡಿದರು.

ಮರುವರ್ಷ ಲೇಖನ ಸಿದ್ಧವಾಯಿತು. ಕರಡಿನ ಮೇಲೆ ನಾನು ಮೂರು ಹೆಸರು ಬರೆದಿದ್ದೆ: ನನ್ನದು, ಸರ್ ಅವರದು, ಕೊನೆಗೆ ಮುಖ್ಯಸ್ಥರದು. ಟೈಪಾಗಿ ಬಂದಾಗ ಮುಖ್ಯಸ್ಥರದು ಮೊದಲಿತ್ತು, ನನ್ನದು ಎರಡನೆಯದು. ಮೂರನೆಯದು ಇರಲಿಲ್ಲ. ಮುಖ್ಯಸ್ಥರು ಕರಡನ್ನು ಓದಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. "ಡೆಮಾನ್‌ಸ್ಟ್ರೇಟರ್‌ಗಳ ಹೆಸರೆಲ್ಲ ಹಾಕುತ್ತಾ ಹೋದರೆ ನಗುತ್ತಾರೆ. ಇಲ್ಲಿ ಸಹಿ ಮಾಡಿ" ಎಂದು ಕಾಗದ ನನ್ನ ಕಡೆ ತಳ್ಳಿದರು. ಸಹಿ ಮಾಡಿದೆ.

ಹೊರಗೆ ಬಂದು ಸರ್‌ಗೆ ಹೇಳಿದಾಗ ಅವರ ಮುಖದಲ್ಲಿ ಹಗುರಾದ ಭಾವವೇ ಕಂಡಿತು. "ಛಲೋ ಆತು ಬಿಡು. ನಿನ್ನ ಪಿಎಚ್.ಡಿ. ಮುಗೀಲಿ" ಎಂದರು. ಆಮೇಲೆ, "ಪ್ರೂಫ್ ಬಂದಾಗ ನನಗೊಮ್ಮೆ ತೋರಸ್ತೀಯೇನು?" ಎಂದು ಕೇಳಿದರು. ಪ್ರೂಫ್ ನೇರವಾಗಿ ಮುಖ್ಯಸ್ಥರಿಗೆ ಬಂದು ಹಾಗೇ ವಾಪಸ್ಸಾಯಿತು.

ಆಗ ತುರ್ತು ಪರಿಸ್ಥಿತಿ. ಚಹಾದಂಗಡಿಯಲ್ಲಿ ಪೇಪರ್ ಓದುವವರು ಬಾಯಿ ಬಿಡುತ್ತಿರಲಿಲ್ಲ. ನಮ್ಮ ಪರಿಚಯದ ಉಪನ್ಯಾಸಕರೊಬ್ಬರನ್ನು ಒಂದು ಮುಂಜಾನೆ ಪೊಲೀಸರು ಮನೆಯಿಂದ ಕರೆದೊಯ್ದಿದ್ದರು. ಅವರ ಕೋಣೆಯಲ್ಲಿ ಸಿಕ್ಕದ್ದು ಸೈಕ್ಲೋಸ್ಟೈಲ್ ಮಾಡಿದ ಕರಪತ್ರಗಳು ಎಂದು ಜನ ಪಿಸುಗುಡುತ್ತಿದ್ದರು. ಅವತ್ತಿನಿಂದ ಸರ್ ತಮ್ಮ ಚೀಲದಲ್ಲಿ ಖಾಲಿ ಕಾಗದ ಇಟ್ಟುಕೊಳ್ಳುವುದನ್ನೂ ಬಿಟ್ಟಿದ್ದರು.

ಮೇ ತಿಂಗಳ ಕೊನೆಯಲ್ಲಿ ಅಚ್ಚಾದ ಪ್ರತಿಗಳ ಕಟ್ಟು ಬಂತು. ನಾನೊಂದು ಪ್ರತಿಯನ್ನು ಸರ್ ಕೈಗಿಟ್ಟೆ. ತಮ್ಮ ಹೆಸರಿಲ್ಲದ ಲೇಖನವನ್ನು ಅವರು ಮೂರು ದಿನ ಓದಿದರು, ತಮ್ಮ ನೋಟುಬುಕ್ಕಿನ ಜೊತೆ ಸಾಲು ಸಾಲಾಗಿ ತಾಳೆ ನೋಡಿದರು. ನಾಲ್ಕನೆಯ ದಿನ ಮಧ್ಯಾಹ್ನ ನನ್ನ ಮೇಜಿನ ಹತ್ತಿರ ಬಂದು ನಿಂತಾಗ ಅವರ ತುಟಿ ಬಿಳಿಚಿಕೊಂಡಿತ್ತು.

"ತಂಗಿ, ಆರು ಒಂಬತ್ತು ಅದಲುಬದಲಾಗ್ಯಾವ."

ಅವರು ಅಂಕಿಗಳನ್ನು ಕನ್ನಡದಲ್ಲೇ ಬರೆಯುತ್ತಿದ್ದರು. ಕನ್ನಡದ ಆರಕ್ಕೂ ಒಂಬತ್ತಕ್ಕೂ ಬಾಲದ ತಿರುವಷ್ಟೇ ವ್ಯತ್ಯಾಸ. ಆರನೆಯ ಬಾಟಲಿ ಗದ್ದೆಗಳಿಂದ ಬಸಿದ ನೀರು ಸೇರುವ ಹಳ್ಳದ್ದು, ವಿಪರೀತ ಉಪ್ಪು. ಒಂಬತ್ತನೆಯದು ಕಾಲುವೆಯ ಕೊನೆಯಂಚಿನದು, ಸಿಹಿ ನೀರು. ಕೋಷ್ಟಕದಲ್ಲಿ ಒಂದರ ಜಾಗಕ್ಕೆ ಇನ್ನೊಂದು ಬಂದಿತ್ತು. ಹಾಗಾಗಿ ಲೇಖನದ ಕೊನೆಯಲ್ಲಿ, ಕಾಲುವೆಗೆ ನೀರು ಬಿಡುವ ಮೊದಲು ಆ ಹಳ್ಳದ ನೀರಿನಿಂದಲೇ ಭತ್ತದ ಸಸಿ ಬೆಳೆಸಬಹುದು ಎಂದಿತ್ತು. ಮುಖ್ಯಸ್ಥರು ಅದನ್ನು ರೈತರ ಸಭೆಯೊಂದರಲ್ಲಿ ಹೇಳಿಯೂ ಬಂದಿದ್ದರು. ಇನ್ನು ಹತ್ತು ದಿನಕ್ಕೆ ಸಸಿಮಡಿ ಹಾಕುವ ಕಾಲ.

ನೋಟುಬುಕ್ಕು ನೋಡಿದೆ. ಅವರ ಆರು ಆರಿನ ಹಾಗೇ ಇತ್ತು, ಒಂಬತ್ತು ಒಂಬತ್ತಿನ ಹಾಗೇ. ಕೋಷ್ಟಕಕ್ಕೆ ಇಳಿಸಿದವಳು ನಾನು.

"ನನ್ನ ಅಂಕಿನ ಹಂಗ ಅದಾವ. ಯಾರಿಗಾದ್ರೂ ತಿಳಿಯಂಗಿಲ್ಲ" ಎಂದರು ಸರ್, ನನ್ನ ಮುಖ ನೋಡದೆ.

ಇಬ್ಬರೂ ಮುಖ್ಯಸ್ಥರ ಕೋಣೆಗೆ ಹೋದೆವು. ಅವರು ಕೇಳಿ, ಕನ್ನಡಕ ತೆಗೆದು ಒರೆಸಿದರು. "ಯಾರು ಓದುತ್ತಾರೆ ಆ ಕೋಷ್ಟಕಾನ? ಮುಂದಿನ ಲೇಖನದಲ್ಲಿ ಸರಿ ಮಾಡೋಣ. ಈಗ ಪತ್ರಿಕೆಗೆ ತಿದ್ದುಪಡಿ ಬರೆದರೆ ನಿಮ್ಮ ಥೀಸಿಸ್ ಏನಾಗುತ್ತೆ ಅಂತ ಯೋಚನೆ ಮಾಡಿದ್ದೀರಾ?" ನನ್ನನ್ನೇ ನೋಡಿ ಕೇಳಿದರು. ಆಮೇಲೆ ಸರ್ ಕಡೆ ತಿರುಗಿ, "ನಿಮಗೇನ್ರೀ ಇದರಲ್ಲಿ? ನಿಮ್ಮ ಹೆಸರಿದೆಯಾ?" ಎಂದರು.

"ಇಲ್ರಿ" ಎಂದರು ಸರ್.

ಮೆಟ್ಟಿಲಿಳಿದು ಬೇವಿನ ಮರದ ಕೆಳಗೆ ನಿಂತೆವು. ಸರ್ ನೋಟುಬುಕ್ಕನ್ನು ಚೀಲಕ್ಕೆ ಹಾಕಿಕೊಂಡರು.

"ಪತ್ರಿಕಿಗೆ ಬರಿಯಾಕ ನಾ ಯಾರೂ ಅಲ್ಲ, ಖರೆ. ಆದ್ರ ಆ ಹಳ್ಳ್ಯಾಗ ಹೋಗಿ ಹೇಳಾಕ ಯಾರ ಅಪ್ಪಣಿ ಬೇಕು?" ತಾವೇ ಸೇರಿಸಿದರು. "ನನಗ ಭಾಳ ಅಂಜಿಕಿ ಬರಾಕತ್ತೈತಿ ತಂಗಿ."

ಮರುದಿನ ಬಳ್ಳಾರಿಯ ಕೌಲ್ ಬಜಾರಿಗೆ ಹೋದೆವು. ಅಲ್ಲೊಬ್ಬ ವಯಸ್ಸಾದ ಸಾಹೇಬರು ಟೈಪು ಮಾಡಿಕೊಟ್ಟು, ಸೈಕ್ಲೋಸ್ಟೈಲ್ ಪ್ರತಿ ತೆಗೆದುಕೊಡುತ್ತಿದ್ದರು. ಇಂಥ ಊರಿನ ಹಳ್ಳದ ನೀರು ಸಸಿಗೆ ಹಾಕಬಾರದು, ಮೊದಲು ಹೇಳಿದ್ದು ತಪ್ಪು, ಎರಡು ಬಾಟಲಿಯ ಅಂಕಿ ಅದಲುಬದಲಾಗಿತ್ತು ಎಂದು ಸರ್ ಕನ್ನಡದಲ್ಲಿ ಅರ್ಧ ಪುಟ ಬರೆದಿದ್ದರು. ಅಳತೆಗಳನ್ನೂ ಕೊಟ್ಟಿದ್ದರು. ಸಾಹೇಬರು ಕಾಗದವನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದರು. ಎದ್ದು ಅಂಗಡಿಯ ಬಾಗಿಲು ಅರ್ಧ ಮುಚ್ಚಿದರು.

"ಬೇಜಾರ್ ಮಾಡ್ಕೋಬ್ಯಾಡ್ರಿ ಸಾರ್. ಕೆಳಗ ಹೆಸರು, ಪತ್ತಾ ಇಲ್ಲದ ಕಾಗದ ನಾ ಹೊಡೆಯಂಗಿಲ್ಲ. ಜಮಾನಾ ಹಂಗೈತಿ. ನಾನೂ ಹೆಂಡರು ಮಕ್ಕಳು ಇದ್ದಾವ."

ಸರ್ ಬೆಂಚಿನ ಮೇಲೆ ಕೂತರು. ಹಣೆಯ ಬೆವರಿಗೆ ವಿಭೂತಿ ಕರಗಿ ಹುಬ್ಬಿಗೆ ಇಳಿದಿತ್ತು. ಹೊರಗೆ ರಿಕ್ಷಾಗಳ ಗಲಾಟೆ, ತಗಡು ಬಡಿಯುವ ಸದ್ದು. ಬರೆಯಬೇಕಾದ ಹೆಸರು ನನ್ನದು. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನನ್ನ ಥೀಸಿಸ್ ಬೈಂಡಿಂಗಿಗೆ ಹೋಗಲು ಇಪ್ಪತ್ತು ದಿನ ಉಳಿದಿತ್ತು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತೆ.

ಅವರು ಪೆನ್ನು ತೆಗೆದರು. ಕೆಳಗೆ ತಮ್ಮ ಹೆಸರು, ತಂದೆಯ ಹೆಸರು, ಊರು ಕುರುಗೋಡು, ಮಾಡುವ ಕೆಲಸ, ಎಲ್ಲವನ್ನೂ ಬರೆದರು. ಅದರ ಮೇಲೊಂದು ಸಾಲು: ಈ ತಪ್ಪು ನನ್ನಿಂದ ಆಗಿದೆ. ಎಲ್ಲರೂ ಓದುವ ಹಾಗೆ ದೊಡ್ಡ ಅಕ್ಷರ. ಬರೆದಾದ ಮೇಲೆ ಸಾಹೇಬರ ಕಡೆ ನೋಡಿ, "ಒಂದು ಗ್ಲಾಸು ನೀರು ಕೊಡ್ರಿ" ಎಂದು ಕೇಳಿದರು.

ಕಾಗದಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ ಹತ್ತಿದೆವು. ದಾರಿಯುದ್ದಕ್ಕೂ ಅವರು ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಿಂದ ಒತ್ತಿ ಹಿಡಿದಿದ್ದರು. ಆ ಹಳ್ಳದ ಊರಲ್ಲಿ ಇಳಿದು, ಚಹಾದಂಗಡಿಯ ಮುಂದೆ ಕೂತವರಿಗೆ ಒಂದೊಂದು ಪ್ರತಿ ಕೊಟ್ಟೆವು. ಓದು ಬಾರದವರಿಗೆ ಸರ್ ಓದಿ ಹೇಳಿದರು. ಓದುವಾಗ ಅವರ ದನಿ ಮೊದಲ ಸಾಲಿನಲ್ಲಿ ನಡುಗಿ ಎರಡನೆಯ ಸಾಲಿಗೆ ಸರಿಹೋಗುತ್ತಿತ್ತು, ಸಹಿಯ ಹತ್ತಿರ ಬಂದಾಗ ಮತ್ತೆ ನಡುಗುತ್ತಿತ್ತು. ಮೂರನೆಯ ಅಂಗಡಿಯ ಹತ್ತಿರ ಇಬ್ಬರು ಪೊಲೀಸರು ಸೈಕಲ್ ನಿಲ್ಲಿಸಿದರು.

"ಏನು ಹಂಚಾಕತ್ತೀರಿ?"

ಪೊಲೀಸರ ಜೊತೆ ಠಾಣೆಯವರೆಗೆ ನಡೆದ ದೂರ ಎಷ್ಟೆಂದು ನನಗೆ ಇಂದಿಗೂ ತಿಳಿಯದು. ಬಾಗಿಲಲ್ಲಿ ದಫೇದಾರರು ನನ್ನ ಕಡೆ ಕೈ ಮಾಡಿ, "ಈಕಿ ಯಾರು?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಸರ್ ಹೇಳಿದರು. "ಮಾಸ್ತರ ಮಗಳ್ರಿ, ಬಸ್ಸಿನಾಗ ಕೂಡಿ ಬಂದ್ವಿ. ಈಕಿಗೇನೂ ಗೊತ್ತಿಲ್ರಿ." ನನ್ನನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿದರು. ಕಿಟಕಿಯಿಂದ ಎಲ್ಲ ಕೇಳಿಸುತ್ತಿತ್ತು.

"ಇದರಾಗ ಸರಕಾರದ ಮ್ಯಾಲ ಏನೈತಿ?"

"ಸರಕಾರದ ಮ್ಯಾಲ ಏನೂ ಇಲ್ರಿ. ನನ್ನ ಮ್ಯಾಲ ಐತ್ರಿ."

"ಯಾರು ಹೇಳಿ ಬರೆಸಿದ್ರು?"

"ಯಾರೂ ಇಲ್ರಿ. ತಪ್ಪಾಗೈತಿ. ತಪ್ಪು ಹೇಳಿದ ಊರಿಗೇ ಬಂದು ಹೇಳಬೇಕಲ್ರಿ."

ಮೇಲಿನವರು ಬರಲಿ ಎಂದು ಮೂರು ತಾಸು ಕೂರಿಸಿದರು. ನಾನು ಆ ಮೂರು ತಾಸೂ ಕಟ್ಟೆಯ ಮೇಲೆ ಕೂತು, ಎದ್ದು ಒಳಗೆ ಹೋಗಿ ಕೋಷ್ಟಕ ಬರೆದವಳು ನಾನು ಎಂದು ಹೇಳುವುದನ್ನು ಮನಸ್ಸಿನಲ್ಲೇ ನೂರು ಸಲ ಹೇಳಿದೆ. ಏಳಲಿಲ್ಲ. ಕೊನೆಗೆ ಅಧಿಕಾರಿ ಬಂದು, ಕಾಗದ ಓದಿ, ತಮ್ಮ ಭಾವನ ಹೊಲ ಅದೇ ಹಳ್ಳದ ದಂಡೆಗಿದೆ ಎಂದು ಒಂದು ಪ್ರತಿ ತಾವೇ ಇಟ್ಟುಕೊಂಡು, ಇವರನ್ನು ಬಿಟ್ಟರು. ಹೊರಗೆ ಬಂದ ಸರ್ ಬೇಲಿಯ ಪಕ್ಕ ಹೋಗಿ ವಾಂತಿ ಮಾಡಿಕೊಂಡರು. ಬಾಯಿ ತೊಳೆದುಕೊಂಡು ಬಂದು, "ಇನ್ನೂ ಎರಡು ಓಣಿ ಉಳದಾವ" ಎಂದರು.

ಹಳ್ಳದ ದಂಡೆಯವರಲ್ಲಿ ಒಬ್ಬ ಆಗಲೇ ಅವಸರಪಟ್ಟು ಸಸಿಮಡಿಗೆ ಅದೇ ನೀರು ಹಾಯಿಸಿದ್ದ. ಮೊಳಕೆ ತುದಿಯಿಂದ ಸುಟ್ಟ ಹಾಗೆ ಕೆಂಪಾಗಿತ್ತು. ಸರ್ ಅವನ ಮುಂದೆ ಹೋಗಿ ನಿಂತರು. ಅವನು ಬೈದ. ಇವರು ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡರು. ನಂತರ ಬಾದನಹಟ್ಟಿಯಲ್ಲಿದ್ದ ತಮ್ಮ ಸೋದರಮಾವನ ಗದ್ದೆಯಿಂದ ಹೆಚ್ಚಿನ ಸಸಿ ಕಟ್ಟಿಸಿ, ಗಾಡಿಯ ಮೇಲೆ ಹಾಕಿಸಿಕೊಂಡು ತಾವೇ ಬಂದು ಕೊಟ್ಟರು. ಉಳಿದವರ ಮಡಿಗಳಿಗೆ ಆ ನೀರು ಹೋಗಲಿಲ್ಲ.

ಮುಖ್ಯಸ್ಥರಿಗೆ ಸುದ್ದಿ ಮುಟ್ಟದೇ ಇರುತ್ತದೆಯೇ. ಸರ್‌ಗೆ ಒಂದು ಮೆಮೊ ಬಂತು, ಆಮೇಲೆ ಪ್ರಯೋಗಶಾಲೆಯಿಂದ ಗಾಜಿನ ಸಾಮಾನಿನ ಉಗ್ರಾಣಕ್ಕೆ ಹಾಕಿದರು. ನಿವೃತ್ತಿಯಾಗುವವರೆಗೂ ಅಲ್ಲೇ ಇದ್ದರು. ನನ್ನ ಥೀಸಿಸ್‌ನಲ್ಲಿ ಆ ಕೋಷ್ಟಕವನ್ನು ತಿದ್ದಿ, ಪುಟವನ್ನು ಸದ್ದಿಲ್ಲದೆ ಬದಲಿಸಿದೆ. ಪದವಿ ಬಂತು, ಬೇರೆ ಊರಲ್ಲಿ ಕೆಲಸವೂ ಸಿಕ್ಕಿತು. ಅಚ್ಚಾದ ಲೇಖನ ಮಾತ್ರ ಹಾಗೇ ಉಳಿದಿತ್ತು. ಯಾರಾದರೂ ಅದನ್ನು ಹೆಸರಿಸಿ ಬರೆದದ್ದು ಕಂಡರೆ ನಾನು ಆ ಪುಟ ಮಗುಚಿಬಿಡುತ್ತಿದ್ದೆ. ಎಷ್ಟೋ ವರ್ಷಗಳ ಮೇಲೆ, ನನ್ನ ಕೈಕೆಳಗೆ ಸಂಶೋಧನೆಗೆ ಬಂದ ಹುಡುಗಿಗೆ, ಯಾರ ಹೆಸರು ಹಾಕಬೇಕು, ಯಾರದು ಹಾಕಬಾರದು ಎಂದು ಒಂದು ದಿನ ಸರ್ ಮಾತುಗಳನ್ನೇ ಹೇಳಿಕೊಡುತ್ತಿದ್ದೆ. ಆಕೆ ಬರೆದುಕೊಳ್ಳುತ್ತಿದ್ದಳು. ನಡುವೆ ಪಾಠ ಬಿಟ್ಟು ಎದ್ದು, ಕಪಾಟಿನಿಂದ ಆ ಹಳೆಯ ಲೇಖನ ತೆಗೆದೆ. ಆ ವಾರವೇ ಪತ್ರಿಕೆಯ ಸಂಪಾದಕರಿಗೆ ಬರೆದೆ. ಕೋಷ್ಟಕದ ತಪ್ಪು ನನ್ನದು, ಅಳತೆಗಳು ಸರಿ ಇದ್ದವು, ಅಳೆದವರ ಹೆಸರು ಲೇಖಕರಲ್ಲಿ ಇರಬೇಕಿತ್ತು, ಬಿಟ್ಟುಹೋಗಿದೆ ಎಂದು ತಿಳಿಸಿದೆ. ಆಗಲೇ ನಿವೃತ್ತರಾಗಿದ್ದ ಮುಖ್ಯಸ್ಥರಿಗೂ ಒಂದು ಪ್ರತಿ ಕಳಿಸಿದೆ. ಅವರಿಂದ ಉತ್ತರ ಬರಲಿಲ್ಲ. ಪತ್ರಿಕೆಯವರು ಅಚ್ಚು ಹಾಕಿದರು, ಪುಟದ ಕೆಳಗೆ ಐದಾರು ಸಾಲು.

ಅದನ್ನು ಹಿಡಿದುಕೊಂಡು ಕುರುಗೋಡಿಗೆ ಹೋದೆ. ಸರ್ ಸೊರಗಿದ್ದರು. ಪಡಸಾಲೆಯಲ್ಲಿ ಕೂತು, ಕನ್ನಡಕ ಏರಿಸಿ, ಆ ಐದಾರು ಸಾಲುಗಳನ್ನು ಬೆರಳಿಟ್ಟು ಓದಿದರು. ತಮ್ಮ ಹೆಸರಿನ ಹತ್ತಿರ ಬೆರಳು ನಿಂತಿತು. ಅಚ್ಚಿನಲ್ಲಿ ಅವರು ಅದನ್ನು ನೋಡುತ್ತಿದ್ದುದು ಅದೇ ಮೊದಲು.

"ನನ್ನ ಕೇಳಲಾರದ ಯಾಕ ಹಾಕಿದಿ?" ಎಂದರು. ಸಿಟ್ಟಿರಲಿಲ್ಲ, ಗಾಬರಿಯಿತ್ತು.

"ಕೇಳಿದ್ರ ನೀವು ಬ್ಯಾಡ ಅಂತಿದ್ರಿ ಸರ್. ಆದ್ರೂ ಕೇಳಬೇಕಿತ್ತು. ತಪ್ಪಾತು."

ಅವರು ಹೂಂಗುಟ್ಟಿದರು. ಒಳಗಿನಿಂದ ಅವರ ಹೆಂಡತಿ ಚಹಾ ತಂದಿಟ್ಟು ಹೋದರು. ಚಹಾ ಆರುವವರೆಗೂ ಸರ್ ಆ ಪುಟವನ್ನೇ ನೋಡುತ್ತಿದ್ದರು.

"ಇದನ್ನ ಓದಿ ಯಾರರ ಬಂದು ಕೇಳಿದ್ರ? ನನಗೀಗ ಎಲ್ಲಾ ನೆನಪಿಲ್ಲ ತಂಗಿ."

"ಯಾರೂ ಬರಂಗಿಲ್ಲ ಬಿಡ್ರಿ ಸರ್."

"ಬಂದ್ರ?"

ಅವರು ಕಾಗದ ಮಡಿಸಿ ನನ್ನ ಕೈಗೆ ಕೊಡಲು ಬಂದು, ಮತ್ತೆ ಹಿಂದಕ್ಕೆ ತೆಗೆದುಕೊಂಡರು.

"ಒಬ್ಬನ ಕುಂತು ಹೇಳಾಕ ನನಗ ಅಂಜಿಕಿ ಆಕೈತಿ. ಅವತ್ತು ನೀನೂ ನನ್ನ ಬಾಜೂಕ ಕುಂದ್ರತೀಯೇನು?"

"ಕುಂದ್ರತೀನ್ರಿ ಸರ್" ಎಂದೆ.

ಅವರು ತಲೆಯಾಡಿಸಿ, ಆರಿದ ಚಹಾ ಕುಡಿದರು.